ಮಗು ಅವರ ಕೈಗೇ ಸಿಗಲಿ

(ಬೆಂಗಳೂರಿನ ಜಯನಗರದಲ್ಲಿ ಅಂಗವೈಕಲ್ಯ ಇರುವ ತಂದೆ-ತಾಯಂದಿರು, ಅವರ ಮನೆಯವರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳು. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವೀಲ್‌ಚೇರ್‌ನಲ್ಲಿ ಓಡಾಡುವ ಹೆಣ್ಣುಮಗಳೊಬ್ಬಳು ಬಸುರಿ ಅಂತ ಗೊತ್ತಾದ ಕೂಡಲೇ ನೆಂಟರು, ನೆರೆಯವರು, ಕೆಲವು ಸಲ ಡಾಕ್ಟರೂ ಕೇಳುವ ಮೊದಲ ಪ್ರಶ್ನೆ ಒಂದೇ. "ಮಗೂನ ಯಾರು ನೋಡ್ಕೋತಾರೆ?" ಕಣ್ಣು ಕಾಣದ ದಂಪತಿಗೂ ಇದೇ ಪ್ರಶ್ನೆ. ಕೇಳುವವರಿಗೆ ಕಾಳಜಿ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಮ್ಮನ ಕೈಲಿ ಆಗಲ್ಲ ಅನ್ನುವುದನ್ನು ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಒಬ್ಬರ ಮೈ ಹೇಗಿದೆಯೋ ಹಾಗೇ ಇಟ್ಟುಕೊಂಡು ದಿನದ ಕೆಲಸಗಳನ್ನು ಮಾಡಿಕೊಳ್ಳುವ ದಾರಿ ಹುಡುಕಿಕೊಡುವುದು ನಮ್ಮ ಕಸುಬು. ಊಟ, ಸ್ನಾನ, ಬಟ್ಟೆ, ಅಡುಗೆ, ಎಲ್ಲಕ್ಕೂ ಅಭ್ಯಾಸ ಮಾಡಿಸುತ್ತೇವೆ. ಹಸುಗೂಸನ್ನು ಎತ್ತಿಕೊಳ್ಳುವ ಅಭ್ಯಾಸ ಮಾಡಿಸುವವರು ಮಾತ್ರ ತುಂಬ ಕಡಿಮೆ. ಅದಕ್ಕೇ ಇವತ್ತು ಈ ಮಾತು.

ನಾನು ಮುಖ್ಯವಾಗಿ ಹೇಳಬೇಕಾದ್ದು ಇಷ್ಟು. ಈ ತಂದೆ-ತಾಯಂದಿರಿಗೆ ಸಹಾಯ ಬೇಕು. ಯಾವ ಬಾಣಂತಿಗೆ ಬೇಡ ಹೇಳಿ? ಆದರೆ ಆ ಸಹಾಯ ಮಗುವನ್ನು ಅವರ ಮಡಿಲಿಗೆ ತಂದುಕೊಡುವ ಹಾಗಿರಬೇಕು. ನಮ್ಮ ಮನೆಗಳಲ್ಲಿ ಆಗುವುದು ಉಲ್ಟಾ. "ಕೊಡಮ್ಮ ಇಲ್ಲಿ, ನಿನಗ್ಯಾಕೆ ತೊಂದರೆ" ಅಂತ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೀರು ಹಾಕುವುದು ಅತ್ತೆ, ಬಟ್ಟೆ ಹಾಕುವುದು ನಾದಿನಿ, ಆಡಿಸುವುದು ಪಕ್ಕದ ಮನೆಯವರು. ಹಾಲಿಗೆ ಮಾತ್ರ ಅಮ್ಮನ ಹತ್ತಿರ ಬರುತ್ತದೆ. ಕೆಲವು ತಿಂಗಳಾಗುವಷ್ಟರಲ್ಲಿ ಮಗು ಅತ್ತರೆ ಅಜ್ಜಿಯ ಕಡೆ ಕೈ ಚಾಚುತ್ತದೆ. ಆಗ ಅದೇ ಜನ "ನೋಡಿ, ಅವಳ ಹತ್ತಿರ ಮಗು ನಿಲ್ಲೋದೇ ಇಲ್ಲ" ಅನ್ನುತ್ತಾರೆ. ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂತಿರುವ ತಾಯಿಯ ಮುಖ ನಾನು ನೋಡಿದ್ದೇನೆ. ಇದು ಆಗಬಾರದು.

ಈ ವಿಷಯದಲ್ಲಿ ತುಂಬ ಕೆಲಸ ಮಾಡಿದವರು ಅಮೆರಿಕದ ಬರ್ಕ್ಲಿ ಊರಿನವರು. ಅಲ್ಲಿ 1982ರಲ್ಲಿ ಥ್ರೂ ದಿ ಲುಕಿಂಗ್ ಗ್ಲಾಸ್ ಎಂಬ ಸಂಸ್ಥೆ ಶುರುವಾಯಿತು. ಅಂಗವೈಕಲ್ಯ ಇರುವ ಅಮ್ಮಂದಿರು ಮಕ್ಕಳನ್ನು ಎತ್ತುವುದು, ಕುಡಿಸುವುದು, ಬಟ್ಟೆ ಬದಲಿಸುವುದನ್ನು ಅವರು ವಿಡಿಯೋ ಮಾಡಿ ನಿಧಾನವಾಗಿ ನೋಡಿದರು. ಕಂಡದ್ದೇನು ಅಂದರೆ, ಅಮ್ಮ ಮಾತ್ರ ಹೊಂದಿಕೊಳ್ಳುವುದಿಲ್ಲ, ಮಗುವೂ ಹೊಂದಿಕೊಳ್ಳುತ್ತದೆ. ಅಮ್ಮನಿಗೆ ಎತ್ತಲು ಹೊತ್ತು ಬೇಕು ಅಂತ ಕೂಸಿಗೆ ತಿಳಿಯುತ್ತದೆ. ಕೈಕಾಲು ಮಡಚಿ, ಮುದುಡಿ, ಅಲುಗದೆ ಕಾಯುತ್ತದೆ. ಅದೇ ಮಗು ಬೇರೆಯವರು ಎತ್ತುವಾಗ ಧಾರಾಳವಾಗಿ ಒದೆಯುತ್ತದೆ! ಆ ಸಂಸ್ಥೆಯ ಥೆರಪಿಸ್ಟ್‌ಗಳು ಬೇಕಾದ ಸಲಕರಣೆಗಳನ್ನೂ ಮಾಡಿಕೊಟ್ಟರು. ಇವು ಸಾಧಾರಣ ಮರ, ಬಟ್ಟೆ, ವೆಲ್ಕ್ರೋ ಕೆಲಸಗಳು. ಬೆಂಗಳೂರಿನಲ್ಲಿ ಒಬ್ಬ ಬಡಗಿ, ಒಬ್ಬ ಟೈಲರ್ ಸಿಕ್ಕರೆ ಮುಕ್ಕಾಲು ಪಾಲು ಆಗಿಹೋಗುತ್ತದೆ.

ತಯಾರಿ ಯಾವಾಗ ಶುರು ಮಾಡಬೇಕು? ಏಳನೇ ತಿಂಗಳಲ್ಲಿ. ಮಗು ಬಂದ ಮೇಲೆ ನಿದ್ದೆಯಿಲ್ಲದ ಕಣ್ಣಲ್ಲಿ ಏನೂ ತೋಚುವುದಿಲ್ಲ. ಮೂರು ಕಿಲೋ ಅಕ್ಕಿಯನ್ನು ಚೀಲಕ್ಕೆ ತುಂಬಿ, ಟವೆಲ್ ಸುತ್ತಿ ಇಟ್ಟುಕೊಳ್ಳಿ. ಹುಟ್ಟಿದ ಮಗು ಹೆಚ್ಚುಕಡಿಮೆ ಅಷ್ಟೇ ತೂಕ ಇರುತ್ತದೆ. ಅದನ್ನು ಮಂಚದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ತೊಟ್ಟಿಲಿಗೆ ಸಾಗಿಸಿ ನೋಡಿ. ಎಲ್ಲಿ ಕೈ ಸೋಲುತ್ತದೆ, ಎಲ್ಲಿ ಮೈ ವಾಲುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಗಂಡ, ಅತ್ತೆ ಪಕ್ಕದಲ್ಲಿ ನಿಂತು ನೋಡಲಿ. ಮಗುವಿನ ತೂಕ ಐದು ತಿಂಗಳ ಹೊತ್ತಿಗೆ ಎರಡರಷ್ಟಾಗುತ್ತದೆ, ವರ್ಷಕ್ಕೆ ಮೂರರಷ್ಟು. ಹಾಗಾಗಿ ಈಗ ನಡೆಯುವ ಉಪಾಯ ಆಮೇಲೂ ನಡೆಯುತ್ತದೆ ಅಂದುಕೊಳ್ಳಬೇಡಿ. ಅಕ್ಕಿ ಜಾಸ್ತಿ ಮಾಡುತ್ತಾ ಅಭ್ಯಾಸ ಮಾಡಿ.

ಈಗ ತೊಟ್ಟಿಲಿನ ವಿಷಯ. ಅಂಗಡಿಯಲ್ಲಿ ಸಿಗುವ ಮಗುವಿನ ಮಂಚಗಳೆಲ್ಲ ನಿಂತು ಬಗ್ಗುವವರಿಗಾಗಿ ಮಾಡಿದವು. ಕಟಕಟೆಯ ಮೇಲಿಂದ ಕೈ ಇಳಿಬಿಟ್ಟು ಎತ್ತಬೇಕು. ವೀಲ್‌ಚೇರ್‌ನಲ್ಲಿ ಕೂತವರಿಗೆ ಅದು ಗೋಡೆಯೇ. ಮಾಗಡಿ ರಸ್ತೆಯ ಕಡೆ ಒಂದು ಮನೆಯಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ. ತಾಯಿಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲವಿಲ್ಲ. ಮೊದಲು ಆಕೆ ದಿನವೂ ಕೂರುವ ಕುರ್ಚಿಯಲ್ಲೇ ಕೂರಿಸಿ ಅಳತೆ ತೆಗೆದೆವು. ನೆಲದಿಂದ ತೊಡೆಯ ಮೇಲ್ಭಾಗಕ್ಕೆ 63 ಸೆಂಟಿಮೀಟರ್. ಆಮೇಲೆ ಮೊಣಕೈ ಎತ್ತರ. ಆಮೇಲೆ, ಮೈ ವಾಲದೆ ಕೈ ಎಷ್ಟು ಮುಂದಕ್ಕೆ ಹೋಗುತ್ತದೆ ಅಂತ. ಈ ಕೊನೆಯ ಅಳತೆಯನ್ನು ಎಲ್ಲರೂ ಮರೆಯುತ್ತಾರೆ. ಬಡಗಿ ಮಂಚದ ಹಲಗೆಯ ಕೆಳಭಾಗವನ್ನು 67 ಸೆಂಟಿಮೀಟರ್‌ಗೆ ಇಟ್ಟರು. ತೊಡೆ ಸಲೀಸಾಗಿ ಅಡಿಗೆ ಹೋಯಿತು, ಮಗು ಅಮ್ಮನ ಮೊಣಕೈ ಮಟ್ಟಕ್ಕೆ ಬಂತು. ಮುಂದಿನ ಕಟಕಟೆ ಪಕ್ಕಕ್ಕೆ ಸರಿಯುವ ಬಾಗಿಲಾಯಿತು. ಹಾಕಿದ್ದ ಚಿಲಕಕ್ಕೆ ಎರಡು ಕೈ ಬೇಕಿತ್ತು. ಒಂದು ಕೈ ಮಗುವಿನ ಮೇಲಿರಬೇಕಲ್ಲ! ಬಡಗಿ ಅದನ್ನು ಕಿತ್ತು, ಒಂದೇ ಹೆಬ್ಬೆರಳಲ್ಲಿ ಎತ್ತಿ ಸರಿಸುವ ಚಿಲಕ ಹಾಕಿದರು. ಆಮೇಲೆ ತಾವೇ ಆ ಕುರ್ಚಿಯಲ್ಲಿ ಕೂತು ತೆಗೆದು ಹಾಕಿ ನೋಡಿದರು. ಇಂಥ ಬಡಗಿ ಸಿಗಬೇಕು.

ಕಟಕಟೆಯ ಪಟ್ಟಿಗಳ ನಡುವಿನ ಸಂದು 6 ಸೆಂಟಿಮೀಟರ್‌ಗಿಂತ ಜಾಸ್ತಿ ಇರಬಾರದು, ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆ ಬಿಗಿಯಾಗಿ ಕೂರಬೇಕು, ಅಂಚಿನಲ್ಲಿ ಸಂದು ಬಿಡಬಾರದು. ಮಗುವನ್ನು ಅಂಗಾತ ಮಲಗಿಸಿ, ದಿಂಬು ಬೇಡ. ಇದು ಎಲ್ಲ ಮಕ್ಕಳಿಗೂ ಒಂದೇ.

ಇಷ್ಟು ಹೇಳಿದ ಮೇಲೆ, ನೆಲವನ್ನು ಮರೆಯಬೇಡಿ. ನಮ್ಮವರು ಹಿಂದಿನಿಂದಲೂ ಮಗುವನ್ನು ನೆಲದಲ್ಲೇ ಬೆಳೆಸಿದವರು. ಪೋಲಿಯೋ ಆಗಿ ನೆಲದ ಮೇಲೆ ಸರಿದು ಓಡಾಡುವ ತಂದೆ-ತಾಯಂದಿರಿಗೆ ನೆಲದ ಹಾಸಿಗೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೀಳುವ ಭಯವೇ ಇಲ್ಲ. ಚಾಪೆ, ಅದರ ಮೇಲೆ ತೆಳು ಹಾಸಿಗೆ, ಪಕ್ಕದಲ್ಲಿ ಬಟ್ಟೆಯ ಬುಟ್ಟಿ, ನೀರು. ಅಪ್ಪನೋ ಅಮ್ಮನೋ ಮಗುವಿನ ಪಕ್ಕವೇ ಸರಿದು ಹೋಗಿ ಎಲ್ಲ ಮಾಡಬಹುದು. ಕಾಲು ಚಾಚಿ, ಮೊಣಕಾಲಿನಿಂದ ಕೆಳಗಿನ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುವ ನಮ್ಮ ಅಜ್ಜಿಯರ ಪದ್ಧತಿಯೂ ಇವರಲ್ಲಿ ಅನೇಕರಿಗೆ ಹೊಂದುತ್ತದೆ.

ಬೆನ್ನುಹುರಿ ಪೆಟ್ಟಾದವರಿಗೆ ಮಾತ್ರ ಹೀಗೆ ಕಾಲ ಮೇಲೆ ನೀರು ಹಾಕುವುದು ಬೇಡ. ಕಾರಣ ಕೇಳಿ. ಅವರಲ್ಲಿ ಅನೇಕರ ಕಾಲಿಗೆ ಸ್ಪರ್ಶ ಗೊತ್ತಾಗುವುದಿಲ್ಲ. ಬಿಸಿನೀರು ಹೆಚ್ಚಾದರೆ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಹಾಲು ಬಿಸಿ ಮಾಡಿದ ಪಾತ್ರೆ, ಬಿಸಿನೀರಿನ ಬಾಟಲಿ, ಯಾವುದನ್ನೂ ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಮಗುವಿನ ಚೀಲವನ್ನು ವೀಲ್‌ಚೇರಿನ ಬೆನ್ನಿಗೆ ನೇತುಹಾಕುವ ಅಭ್ಯಾಸವೂ ಅಪಾಯ. ರ್‍ಯಾಂಪ್ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಸೀಟಿನ ಕೆಳಗೆ ಚೀಲ ಹೊಲಿಸಿ. ಇನ್ನೊಂದು ವಿಷಯ ಡಾಕ್ಟರಿಗೆ ಮೊದಲೇ ಹೇಳಿರಬೇಕು. ಎದೆಯ ಭಾಗದ ಆರನೇ ನರಮಟ್ಟ, ಅಂದರೆ ಟಿ6, ಅಥವಾ ಅದರ ಮೇಲೆ ಪೆಟ್ಟಾದವರಿಗೆ ಹೆರಿಗೆ ನೋವಿನಲ್ಲಿ, ಕೆಲವರಿಗೆ ಹಾಲೂಡಿಸುವಾಗಲೂ, ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು, ಬೆವರು ಇದರ ಸೂಚನೆ. ಹೀಗಾದರೆ ನೇರ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಒಂದೇ ಕೈ ಬಳಸುವವರು, ಅಂದರೆ ಲಕ್ವ ಹೊಡೆದವರು, ಕೈ ಕಳೆದುಕೊಂಡವರು, ಸೆರೆಬ್ರಲ್ ಪಾಲ್ಸಿ ಇರುವವರು, ಇವರಿಗೆ ನಾನು ಮೊದಲು ಹೇಳುವುದು ಜಬಲಾದ ದಾರಗಳನ್ನು ಕತ್ತರಿಸಿ ಅಂತ. ಗಂಟು ಹಾಕಲು ಎರಡು ಕೈ ಬೇಕು. ಮುಂದೆ ತೆರೆಯುವ ಅಂಗಿಗೆ ವೆಲ್ಕ್ರೋ ಹೊಲಿಸಿ, ಲಂಗೋಟಿಗೂ ಅಷ್ಟೇ. ಟಿಚ್ ಬಟನ್ ಒಂದು ಕೈಗೆ ಬಗ್ಗುವುದಿಲ್ಲ. ಡೈಪರ್ ಆದರೆ ಹಳೆಯದನ್ನು ತೆಗೆಯುವ ಮೊದಲೇ ಹೊಸದನ್ನು ಅಡಿಗೆ ತೂರಿಸಿಡಿ. ಮಗು ನಿಲ್ಲಲು ಕಲಿತ ಮೇಲೆ ಚಡ್ಡಿಯಂಥ ಡೈಪರ್ ಸುಲಭ, ತೆಗೆಯುವಾಗ ಪಕ್ಕ ಹರಿದರೆ ಆಯಿತು. ಮಗುವಿನ ಕೆಳಗೆ ಜಾರದ ರಬ್ಬರ್ ಮ್ಯಾಟ್ ಇರಲಿ.

ಒಂದು ಕೈಯಲ್ಲಿ ಎತ್ತುವುದು ಹೇಗೆ? ಮಗುವನ್ನು ನಿಮ್ಮ ಕಡೆ ಸ್ವಲ್ಪ ಹೊರಳಿಸಿ. ತಲೆ ಮೊಣಕೈ ಮಡಿಕೆಗೆ ಬರುವ ಹಾಗೆ, ಅಂಗೈ ಕುಂಡಿಯನ್ನು ಹಿಡಿಯುವ ಹಾಗೆ ಮುಂಗೈಯನ್ನು ಅಡಿಗೆ ತೂರಿಸಿ. ಆಮೇಲೆ ಕೈ ಎತ್ತುವ ಮೊದಲು ನೀವೇ ಬಗ್ಗಿ, ಎದೆಯನ್ನು ಮಗುವಿಗೆ ತಾಗಿಸಿ. ಮಗು ಎದೆಗೆ ಅಂಟಿದ ಮೇಲೆ ಒಟ್ಟಿಗೆ ಮೇಲೇಳಿ. ಪ್ರತಿ ಸಲ ಎತ್ತುವ ಮೊದಲು ಅದೇ ಮಾತು ಹೇಳಿ. "ಬಾರೋ ಪುಟ್ಟ, ಮೇಲಕ್ಕೆ." ಹೇಳಿ ಒಂದು ಗಳಿಗೆ ಕಾಯಿರಿ. ಹೋಗುತ್ತಾ ಹೋಗುತ್ತಾ ಆ ಮಾತು ಕೇಳಿದ ಕೂಡಲೇ ಮಗು ತಯಾರಾಗುವುದನ್ನು ನೀವೇ ನೋಡುತ್ತೀರಿ. ನಡೆಯಲು ಕಲಿತ ಮಗು ವೀಲ್‌ಚೇರಿನ ಕಾಲುಪಟ್ಟಿಯ ಮೇಲೆ ಹತ್ತಿ ತಾನಾಗೇ ತೊಡೆಗೆ ಬರುತ್ತದೆ. ಬ್ರೇಕ್ ಹಾಕಿಟ್ಟಿರಿ, ಅಷ್ಟೇ.

ಊರುಗೋಲು ಹಿಡಿದು, ಕೈಯಲ್ಲಿ ಮಗು ಹಿಡಿದು ನಡೆಯುವ ಸಾಹಸ ಬೇಡ. ಮನೆಯೊಳಗೆ ನಾಲ್ಕು ಚಕ್ರದ, ಬ್ರೇಕ್ ಇರುವ ಟ್ರಾಲಿಗೆ ಆಳವಾದ ಅಂಚು ಕಟ್ಟಿಸಿ, ಮಗುವನ್ನು ಅದರಲ್ಲಿ ಮಲಗಿಸಿ ತಳ್ಳಿಕೊಂಡು ಹೋಗಿ. ಎದೆಗೆ ಕಟ್ಟಿಕೊಳ್ಳುವ ಚೀಲ ಬಳಸುವವರು ಗಮನಿಸಿ. ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿರಬಾರದು, ನೆತ್ತಿಗೆ ನೀವು ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು. ಮಗುವನ್ನು ಕುರ್ಚಿಗೆ ಸೇರಿಸಿ ಸೀರೆಯಲ್ಲಿ ಗಂಟು ಹಾಕಬೇಡಿ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬೆಲ್ಟ್ ಇರಲಿ.

ಇನ್ನು ಕೈಗಳ ಆರೈಕೆ. ಯಾವ ಬಾಣಂತಿಗೂ ಹೆಬ್ಬೆರಳ ಬುಡದಲ್ಲಿ ನೋವು ಬರುವುದು ಮಾಮೂಲು. ಚಕ್ರ ತಳ್ಳುವವರಿಗೆ, ಊರುಗೋಲು ಹಿಡಿಯುವವರಿಗೆ ಆ ಕೈಯೇ ಕಾಲು. ಕೈ ಹೋದರೆ ಓಡಾಟವೇ ನಿಂತುಹೋಗುತ್ತದೆ. ಆದ್ದರಿಂದ ಹಾಲೂಡಿಸುವಾಗ ಮಗುವಿನ ಭಾರ ಕೈ ಮೇಲೆ ಬೇಡ. ಸೊಂಟ ಸುತ್ತುವ ದಪ್ಪ ದಿಂಬಿನ ಮೇಲೆ ಮಲಗಿಸಿ, ದಿಂಬಿಗೆ ಪಟ್ಟಿ ಹೊಲಿಸಿ ಬೆನ್ನ ಹಿಂದೆ ವೆಲ್ಕ್ರೋ ಹಾಕಿಕೊಳ್ಳಿ.

ಕಣ್ಣು ಕಾಣದ ತಂದೆ-ತಾಯಂದಿರ ವಿಷಯಕ್ಕೆ ಬರೋಣ. ಇಲ್ಲಿ ನಾನು ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದೇ ಜಾಸ್ತಿ. ಯಶವಂತಪುರದ ಒಂದು ಮನೆ. ಅಪ್ಪ-ಅಮ್ಮ ಇಬ್ಬರಿಗೂ ದೃಷ್ಟಿ ಇಲ್ಲ. ಕಪಾಟಿನ ಒಂದೇ ತಟ್ಟೆಯಲ್ಲಿ ಮಗುವಿನ ಔಷಧಿಗಳು. ಜ್ವರದ ಡ್ರಾಪ್ಸ್ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಸಿರಪ್‌ಗೆ ಎರಡು. ನೋಡಲು ಸಣ್ಣ ವಿಷಯ. ಆದರೆ ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 250. ಡ್ರಾಪ್ಸನ್ನು ಸಿರಪ್ ಅಂದುಕೊಂಡು ಚಮಚದಲ್ಲಿ ಕುಡಿಸಿದರೆ ಮಗುವಿನ ಲಿವರ್‌ಗೆ ಅಪಾಯ. ಕಣ್ಣಿದ್ದವರೂ ಇಲ್ಲಿ ಎಡವುತ್ತಾರೆ. ಆ ಮನೆಯಲ್ಲಿ ಎಡವಲು ದಾರಿಯೇ ಇರಲಿಲ್ಲ.

ಅಳತೆಗೆ ಅವರು ಸೂಜಿಯಿಲ್ಲದ ಸಿರಿಂಜ್ ಬಳಸುತ್ತಿದ್ದರು. ಔಷಧಿ ಅಂಗಡಿಯವರ ಹತ್ತಿರ ಒಮ್ಮೆ ಸರಿಯಾದ ಗೆರೆಗೆ ಎಳೆಸಿ, ಒಳಗಿನ ದಂಡದ ಮೇಲೆ, ಕೊಳವೆಯ ಬಾಯಿಗೆ ಸರಿಯಾಗಿ, ಬ್ಲೇಡಿನಿಂದ ಒಂದು ಕಚ್ಚು ಹಾಕಿಸಿಕೊಂಡಿದ್ದರು. ಆಮೇಲೆ ಅಪ್ಪ ದಂಡ ಎಳೆಯುತ್ತಾ ಉಗುರಿನಿಂದ ತಡವುತ್ತಾರೆ. ಕಚ್ಚು ಸಿಕ್ಕಿದಲ್ಲಿಗೆ ನಿಲ್ಲಿಸುತ್ತಾರೆ. ಗಾಳಿ ಸೇರಿರಬಹುದು ಅಂತ ಒಮ್ಮೆ ಬಾಟಲಿಗೇ ಒತ್ತಿ ಮತ್ತೆ ಎಳೆಯುತ್ತಾರೆ. ಮಗುವಿನ ತೂಕ ಏರಿ ಡಾಕ್ಟರ್ ಡೋಸ್ ಬದಲಿಸಿದಾಗ ಹೊಸ ಸಿರಿಂಜ್, ಹೊಸ ಕಚ್ಚು. ಹಳೆಯದು ಅವತ್ತೇ ಕಸಕ್ಕೆ. ಒಂದಕ್ಕೆ ಎರಡು ಕಚ್ಚು ಹಾಕಬಾರದು ಅನ್ನುವುದು ಅವರ ಮನೆಯ ಕಟ್ಟುನಿಟ್ಟು.

ಉಣಿಸುವುದೂ ಹಾಗೇ. ಆರು ತಿಂಗಳಾದ ಮೇಲೆ ರಾಗಿ ಸರಿ ಶುರುವಾದಾಗ, ಎಡಗೈಯ ಬೆರಳು ಮಗುವಿನ ಗದ್ದದ ಮೇಲೆ. ಬಾಯಿ ತೆರೆದದ್ದು ಆ ಬೆರಳಿಗೆ ತಿಳಿಯುತ್ತದೆ. ಚಮಚ ಮೊದಲು ಕೆಳತುಟಿಗೆ ತಾಗುತ್ತದೆ, ಮಗು ತಾನೇ ಬಾಯಿ ಮುಂದೆ ತರುತ್ತದೆ. ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಕುಡಿಸುವುದಾದರೆ ಅದರ ಮೂತಿಯ ತುದಿಯನ್ನು ತುಟಿಯ ಮೂಲೆಗೆ ಇಟ್ಟು, ಹನಿ ಹನಿಯಾಗಿ ಬಿಡಬೇಕು. ನುಂಗಿದ ಸದ್ದು ಕೇಳಿದ ಮೇಲೆ ಮುಂದಿನ ಗುಟುಕು. ಎಲ್ಲಕ್ಕಿಂತ ಸಲೀಸು ಎದೆಹಾಲು. ಅಳತೆಯಿಲ್ಲ, ಬಿಸಿ ಮಾಡುವುದಿಲ್ಲ, ಕತ್ತಲಲ್ಲೂ ಸರಿ.

ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಎಂದೂ ತಪ್ಪಬಾರದು. ಮೊಣಕೈ ಅದ್ದಿ ನೋಡಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಜ್ವರ ನೋಡಲು ಮಾತಾಡುವ ಥರ್ಮಾಮೀಟರ್ ಸಿಗುತ್ತದೆ. ಕಕ್ಕ ತೊಳೆಯಲು ವೈಪ್ಸ್‌ಗಿಂತ ನಲ್ಲಿ ನೀರು ವಾಸಿ. ಚರ್ಮ ಸ್ವಚ್ಛವಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ವಸ್ತುಗಳು ಇಟ್ಟಲ್ಲೇ ಇರಬೇಕು. ಮನೆಗೆ ಬಂದ ನೆಂಟರೇ, ದಯವಿಟ್ಟು ಅವರ ಕಪಾಟನ್ನು ನೀಟ್ ಮಾಡಲು ಹೋಗಬೇಡಿ!

ಮಗು ಅಂಬೆಗಾಲಿಡುವಾಗ ಕಾಲ್ಗೆಜ್ಜೆ. ಎರಡು ಮಕ್ಕಳಿದ್ದರೆ ಬೇರೆ ಬೇರೆ ಸದ್ದಿನ ಗೆಜ್ಜೆ. ಆದರೆ ಗೆಜ್ಜೆ ಕಳಚಿ ಮಗುವಿನ ಬಾಯಿಗೆ ಹೋಗದಂತೆ ದಿನಾ ಎಳೆದು ನೋಡಬೇಕು. ಆಟಕ್ಕೆ ಚನ್ನಪಟ್ಟಣದ ಗಿಲಕಿ ಇದ್ದೇ ಇದೆ.

"ಅಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಮಗುವಿನ ಬುದ್ಧಿ ಬೆಳವಣಿಗೆ ಹಿಂದುಳಿಯುತ್ತೆ" ಅಂತ ಹೆದರಿಸುವವರು ಇದ್ದಾರೆ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಸಂಶೋಧಕ ಅತ್ಸುಶಿ ಸೆಂಜು ಮತ್ತು ಜೊತೆಗಾರರು ಕಣ್ಣು ಕಾಣದ ತಂದೆ-ತಾಯಂದಿರ ಐದು ಮಕ್ಕಳನ್ನು ಗಮನಿಸಿ 2013ರಲ್ಲಿ ಬರೆದರು. ಮಕ್ಕಳ ಬೆರೆಯುವ, ಸಂವಹನ ಮಾಡುವ ಶಕ್ತಿ ಉಳಿದ ಮಕ್ಕಳಂತೆಯೇ ಬೆಳೆದಿತ್ತು. ಐದೇ ಮಕ್ಕಳು, ಸಣ್ಣ ಅಧ್ಯಯನ, ಒಪ್ಪುತ್ತೇನೆ. ನಾನು ಮನೆಗಳಲ್ಲಿ ಕಂಡದ್ದೂ ಅದೇ. ಅಮ್ಮನಿಗೆ ಏನಾದರೂ ತೋರಿಸಬೇಕಾದರೆ ಈ ಮಕ್ಕಳು ಬೆರಳು ಮಾಡುವುದಿಲ್ಲ. ಅಮ್ಮನ ಅಂಗೈ ಹಿಡಿದು ಅದರಲ್ಲಿ ಇಡುತ್ತವೆ.

ಬೆಂಗಳೂರಿನ ಅನೇಕ ಮನೆಗಳಿಗೆ ಎಣ್ಣೆ ಹಚ್ಚಿ ನೀರು ಹಾಕಲು ಒಬ್ಬ ಅಮ್ಮ ಬರುತ್ತಾರಲ್ಲ, ಅವರಿಗೂ ಒಂದು ಮಾತು. ನೀರು ನೀವು ಹೊಯ್ಯಿರಿ. ಎಣ್ಣೆ ಹಚ್ಚುವ ಕೈ ಅಮ್ಮನದಾಗಲಿ. ಒರೆಸಿ, ಸುತ್ತಿ, ಮಗುವನ್ನು ಬೇರೆ ಯಾರಿಗೂ ಕೊಡದೆ ಅಮ್ಮನ ಮಡಿಲಲ್ಲೇ ಇಡಿ. ಇಡೀ ಕೆಲಸ ಮಾಡಲು ಆಗದವರಿಗೂ ಅದರಲ್ಲಿ ಒಂದು ತುಣುಕು ಇದ್ದೇ ಇರುತ್ತದೆ. ಕೈ ಒಂದಿಷ್ಟೂ ಆಡದ ಒಬ್ಬ ತಂದೆ ಪ್ರತಿ ಸ್ನಾನದಲ್ಲೂ ಮಗುವಿನ ಮುಖದ ಹತ್ತಿರ ಕೂತು ಹಾಡುತ್ತಿದ್ದರು. ಅವರು ಬಂದು ಕೂರುವವರೆಗೂ ಮಗು ನೀರಿಗೆ ಇಳಿಯಲು ಒಪ್ಪುತ್ತಿರಲಿಲ್ಲ.

ಆಸ್ಪತ್ರೆಯವರಿಗೂ ಹೇಳಬೇಕು. ಕಣ್ಣು ಕಾಣದ ತಾಯಿಯೊಬ್ಬರು ಹೇಳಿದ್ದು ಇದು. ಡಿಸ್ಚಾರ್ಜ್ ದಿನ ನರ್ಸ್ ಔಷಧಿ, ಹಾಲು, ಸ್ನಾನ ಎಲ್ಲವನ್ನೂ ವಿವರಿಸಿದ್ದು ಬಾಗಿಲ ಹತ್ತಿರ ನಿಂತಿದ್ದ ಮೈದುನನಿಗಂತೆ. ತಾಯಿ ಎರಡು ಮಾರು ದೂರದಲ್ಲಿ ಕೂತಿದ್ದರು. ದಯವಿಟ್ಟು ತಾಯಿಗೆ ಹೇಳಿ. ಬೇಕಾದರೆ ಅವರ ಫೋನಿನಲ್ಲಿ ರೆಕಾರ್ಡ್ ಮಾಡಿಕೊಡಿ. ತಾಯಿ ಕಾರ್ಡಿನಲ್ಲಿರುವ ಲಸಿಕೆ ತಾರೀಕುಗಳನ್ನೂ ಹಾಗೇ ಓದಿ ಕೊಡಿ. ಮಗುವಿನ ತೂಕವನ್ನು ಬರೆದುಕೊಳ್ಳುವಾಗ ಗಟ್ಟಿಯಾಗಿ ಹೇಳಿ.

ಕಾನೂನಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ, ಮಕ್ಕಳನ್ನು ಬೆಳೆಸಲು ಅಂಗವೈಕಲ್ಯ ಇರುವವರಿಗೆ ಸರ್ಕಾರ ನೆರವಾಗಬೇಕು ಅನ್ನುತ್ತದೆ. ತಂದೆ-ತಾಯಿಯ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ಬೇರೆ ಮಾಡಕೂಡದು ಅಂತಲೂ ಹೇಳುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೇ ಸೆಕ್ಷನ್, ಅಂಗವೈಕಲ್ಯ ಇರುವ ಮಹಿಳೆಯರಿಗೆ ಮಕ್ಕಳನ್ನು ಸಾಕಲು ಬೆಂಬಲ ಕೊಡುವ ಯೋಜನೆ ಇರಬೇಕು ಅನ್ನುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಅಂಗವೈಕಲ್ಯ ಇರುವ ತಾಯಂದಿರಿಗೆ ಮಗುವಿಗೆ ಎರಡು ವರ್ಷ ಆಗುವವರೆಗೆ ತಿಂಗಳಿಗೆ 3,000 ರೂಪಾಯಿ ವಿಶೇಷ ಭತ್ಯೆ ಇತ್ತು. 2024ರ ಜನವರಿಯಿಂದ ಅದು 3,750 ಆಗಿದೆ. ಕರ್ನಾಟಕದಲ್ಲಿ ಅಂಧ ತಾಯಂದಿರಿಗೆ ಶಿಶುಪಾಲನಾ ಭತ್ಯೆ ಇದೆ. ನಿಮ್ಮ ಭಾಗದ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಕೈಯಲ್ಲಿರಲಿ. ನೌಕರಿಯಿಲ್ಲದೆ ಮನೆಯಲ್ಲಿರುವ, ವೀಲ್‌ಚೇರ್‌ನಲ್ಲಿರುವ ತಾಯಿಗೂ ಇಂಥ ಭತ್ಯೆ ಬೇಕು. ಇದನ್ನು ನಾವು ಸೇರಿ ಕೇಳಬೇಕು.

ಊರಿನಲ್ಲಿ ಹೋಗಿ ಕೇಳಲು ಜಾಗಗಳಿವೆ. ಲಿಂಗರಾಜಪುರದಲ್ಲಿ ಎ.ಪಿ.ಡಿ. (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಎನ್.ಎಸ್. ಹೇಮಾ ಅವರು 1959ರಲ್ಲಿ ಶುರು ಮಾಡಿದ್ದು. ಜೆ.ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾ. ಎಚ್.ಎಸ್.ಆರ್. ಬಡಾವಣೆಯಲ್ಲಿ ಮಧು ಸಿಂಘಾಲ್ ಅವರ ಮಿತ್ರಜ್ಯೋತಿ. ಇವು ಮಗು ಸಾಕಲು ಅಂತಲೇ ಇರುವ ಸಂಸ್ಥೆಗಳಲ್ಲ. ಆದರೆ ವೀಲ್‌ಚೇರಿನ ಅಳತೆ, ಬ್ರೈಲ್, ಫೋನ್ ಬಳಕೆ ಬಲ್ಲವರು ಅಲ್ಲಿದ್ದಾರೆ. "ನನಗೆ ಮಗು ಬರ್ತಿದೆ, ಈ ಕುರ್ಚಿಯಿಂದ ಹೇಗೆ ಎತ್ತಲಿ?" ಅಂತ ನೇರವಾಗಿ ಕೇಳಿ. ಕೇಳುವವರು ಹೆಚ್ಚಾದರೆ ಕಲಿಸುವವರೂ ಹೆಚ್ಚಾಗುತ್ತಾರೆ.

ಸಭೆಯ ಪ್ರಶ್ನೆಗಳು

ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು: "ಮಗುಗೆ ಕಾಮಾಲೆ ಆದ್ರೆ ಕಣ್ಣು ಕಾಣದವರಿಗೆ ಹೇಗೆ ಗೊತ್ತಾಗುತ್ತೆ?"

ಗೊತ್ತಾಗುವುದಿಲ್ಲ. ಚರ್ಮದ ಹಳದಿ, ತುಟಿಯ ನೀಲಿ, ಕಕ್ಕದಲ್ಲಿ ರಕ್ತ, ಇವು ಮುಟ್ಟಿದರೆ ತಿಳಿಯುವಂಥದ್ದಲ್ಲ. ಕಣ್ಣಿದ್ದವರು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಿ ಹೇಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ನೀವು 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತೀರಿ ಅಲ್ವಾ? ಕಾಮಾಲೆ ಜೋರಾಗುವುದು ಹೆಚ್ಚಾಗಿ 3ರಿಂದ 5ನೇ ದಿನದಲ್ಲಿ. ಇಂಥ ಮನೆಗೆ 5ನೇ ದಿನ ಇನ್ನೊಂದು ಸಲ ಹೋಗಿ. ಮೇಲೆದ್ದ ಗುಳ್ಳೆ, ಮೈ ಬಿಸಿ, ಉಸಿರಿನ ಏರಿಳಿತ, ಹಾಲು ಬಿಟ್ಟಿರುವುದು, ಇವೆಲ್ಲ ಅಮ್ಮನಿಗೇ ಮೊದಲು ಗೊತ್ತಾಗುತ್ತದೆ. ಬಿ ಮೈ ಐಸ್ ಆ್ಯಪ್‌ನಲ್ಲಿ ವಿಡಿಯೋ ಕರೆ ಮಾಡಿ ಕಣ್ಣಿದ್ದವರಿಂದ ಔಷಧಿ ಬಾಟಲಿಯ ಹೆಸರು ಓದಿಸಿಕೊಳ್ಳಬಹುದು. ಕಾಮಾಲೆಯನ್ನು ಫೋನಿನ ಕ್ಯಾಮೆರಾ ನಂಬಿ ತೀರ್ಮಾನಿಸಬೇಡಿ.

ಒಬ್ಬ ಅಜ್ಜಿ ಕೇಳಿದರು: "ಸೊಸೆ ಎತ್ತೋಕೆ ಹೊತ್ತಾಗುತ್ತೆ. ಮಗು ಅಳ್ತಾ ಇದ್ರೆ ನಾನು ಸುಮ್ನೆ ನಿಂತು ನೋಡಬೇಕಾ?"

ಬೇಡ ಅಮ್ಮ. ನೀವು ಎತ್ತಿ. ಎತ್ತಿ ನೇರ ಸೊಸೆಯ ಮಡಿಲಿಗೆ ಕೊಡಿ, ಸಮಾಧಾನ ಮಾಡುವುದು ಅವಳಿಗೆ ಬಿಡಿ. ನಿಮ್ಮ ಸೊಸೆ ದೂರದಿಂದಲೇ ಮಾತು ಶುರು ಮಾಡಲಿ. "ಬಂದೆ ಕಂದ, ಬಂದೆ." ಆ ದನಿ ಬಂದರೆ ಹಿಂದೆಯೇ ಅಮ್ಮ ಬರುತ್ತಾಳೆ ಅಂತ ಮಗು ಬೇಗ ಕಲಿಯುತ್ತದೆ.

ಕಣ್ಣು ಕಾಣದ ತಂದೆಯೊಬ್ಬರು ಕೇಳಿದರು: "ಮಗಳು ಓಡೋಕೆ ಶುರು ಮಾಡಿದ್ದಾಳೆ. ಹೊರಗೆ ಕರ್ಕೊಂಡು ಹೋಗೋದು ಹೇಗೆ?"

ಚಿಕ್ಕದಿದ್ದಾಗ ಎದೆಯ ಚೀಲದಲ್ಲಿ ಹಾಕಿಕೊಂಡು, ಕೈಯಲ್ಲಿ ಬಿಳಿ ಕೋಲು ಹಿಡಿದು ಹೋಗಿರುತ್ತೀರಿ. ನಮ್ಮ ಫುಟ್‌ಪಾತ್‌ಗೆ ಅದೇ ಸರಿ. ತಳ್ಳುಗಾಡಿ ಬಳಸುವವರು ಅದನ್ನು ಮುಂದೆ ತಳ್ಳದೆ ಹಿಂದೆ ಎಳೆದುಕೊಂಡು ಹೋಗಬೇಕು. ಗುಂಡಿ ಇದ್ದರೆ ಮೊದಲು ಕೋಲಿಗೆ ಸಿಗುತ್ತದೆ, ಮಗುವಿಗಲ್ಲ. ಈಗ ಓಡುವ ವಯಸ್ಸು. ಭುಜ ಮತ್ತು ಎದೆ ಸುತ್ತುವ ಬೆಲ್ಟಿಗೆ ಪಟ್ಟಿ ಹಾಕಿ ನಿಮ್ಮ ಮಣಿಕಟ್ಟಿಗೆ ಸೇರಿಸಿಕೊಳ್ಳಿ. ಮಗುವಿನ ಕೈಗೆ ಯಾವತ್ತೂ ಕಟ್ಟಬೇಡಿ, ಎಳೆದರೆ ಮೊಣಕೈ ಕೀಲು ತಪ್ಪಬಹುದು. ನೋಡುವವರು ಏನಾದರೂ ಅಂದುಕೊಳ್ಳಲಿ. ಇದರ ಜೊತೆ, ನೀವು ಹೆಸರು ಕೂಗಿದರೆ "ಓ" ಅನ್ನಬೇಕು ಅನ್ನುವುದನ್ನು ಮನೆಯಲ್ಲೇ ಆಟದ ಹಾಗೆ ಕಲಿಸಿ. ಓಗೊಟ್ಟಾಗಲೆಲ್ಲ ಹೊಗಳಿ, ಅಪ್ಪಿಕೊಳ್ಳಿ. ಉತ್ತರ ಬರದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಮನೆಗೆ ವಾಪಸ್. ಇದು ಕಡ್ಡಾಯ ಅಂತ ಮಗಳಿಗೆ ಬೇಗ ಅರ್ಥವಾಗುತ್ತದೆ. ಬೀದಿಗೆ ಇಳಿಯುವ ಮೊದಲು ವಾಹನ ಇಲ್ಲದ ಕಡೆ ಅಭ್ಯಾಸ ಮಾಡಿ. ಭಾನುವಾರ ಕಬ್ಬನ್ ಪಾರ್ಕಿನೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಮೆಟ್ರೋದಲ್ಲಿ ಹೋದರೆ ನಿಲ್ದಾಣ ಪಕ್ಕದಲ್ಲೇ ಇದೆ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಜನ ಜಾಸ್ತಿ.